ಜಾಝ್ ಕೇಳಬೇಕೆನ್ನುವವರಿಗೆ ಬ್ಯಾಂಡ್‌ಸೆಟ್ಟಿನವರ ಮಗಳ ಮಾತು

ಊದುವವನ ಎದುರು ಮನುಷ್ಯರು ಬಾಯಿ ಮುಚ್ಚಿಕೊಂಡು ಕೂರುತ್ತಾರೆ ಎನ್ನುವುದನ್ನು ನಾನು ಮೊದಲು ಕಂಡಿದ್ದು ಜರ್ಮನಿಯ ಬ್ರೆಮೆನ್ ಎಂಬ ಊರಿನಲ್ಲಿ. ಬಂದು ಮೂರನೇ ತಿಂಗಳಿರಬೇಕು. ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳು ಒಂದು ನೆಲಮಾಳಿಗೆಗೆ ಕರೆದುಕೊಂಡು ಹೋದಳು. ಮೆಟ್ಟಿಲಿಳಿದರೆ ತಗ್ಗಿನ ಚಾವಣಿ, ಸಣ್ಣ ಸಣ್ಣ ಮೇಜು, ಮೂಲೆಯಲ್ಲಿ ಒಂದಡಿ ಎತ್ತರದ ವೇದಿಕೆ. ಅದರ ಮೇಲೆ ಬೋಳು ತಲೆಯ ಮುದುಕನೊಬ್ಬ ಕ್ಲಾರಿನೆಟ್ ಊದುತ್ತಿದ್ದ. ಕೆಳಗೆ ಕಿಕ್ಕಿರಿದ ಜನ. ಒಬ್ಬರದ್ದೂ ಮಾತಿಲ್ಲ. ಯಾರೋ ಕುರ್ಚಿ ಎಳೆದದ್ದು ಕರ್ರೆಂದಿತು. ಎಳೆದವನು ಎದೆಯ ಮೇಲೆ ಕೈಯಿಟ್ಟು ಸುತ್ತಲಿನವರ ಕ್ಷಮೆ ಕೇಳಿದ. ಮುದುಕ ತನ್ನ ಪಾಲಿನದನ್ನು ಊದಿ ಮುಗಿಸಿ ಒಂದು ಹೆಜ್ಜೆ ಹಿಂದೆ ಸರಿದಾಗ, ಹಾಡು ಇನ್ನೂ ನಡೆಯುತ್ತಿರುವಾಗಲೇ, ಎಲ್ಲರೂ ಚಪ್ಪಾಳೆ ತಟ್ಟಿದರು.

ಬೇರೆಯವರಿಗೆ ಖುಷಿಯಾಗುತ್ತಿತ್ತೇನೋ. ನನಗೆ ಸಿಟ್ಟು ಬಂತು.

ನನ್ನ ಅಪ್ಪ ಹನುಮಂತಪ್ಪ ನಾನು ಹುಟ್ಟುವ ಮೊದಲಿನಿಂದ ಕ್ಲಾರಿನೆಟ್ ಊದುತ್ತಿದ್ದಾರೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಮದುವೆಗಳಲ್ಲಿ ಅವರ ಬ್ಯಾಂಡ್‌ಸೆಟ್ಟು ನಿಂತಿದೆ. ಜರಿ ಪಟ್ಟಿಯ ಕೆಂಪು ಕೋಟು ಹಾಕಿಕೊಂಡು ಚಪ್ಪರದ ಬಾಗಿಲಾಚೆ ನಿಂತು ಅವರು ಊದುವಾಗ ಪಕ್ಕದಲ್ಲಿ ಜನರೇಟರ್ ಗುರುಗುಡುತ್ತಿರುತ್ತದೆ. ಯಾರೋ ಕಾರು ಹಿಂದಕ್ಕೆ ತೆಗೆಯಿರಿ ಎಂದು ಕೂಗುತ್ತಿರುತ್ತಾರೆ. ಅವರ ಮುಂದೆ ಕುರ್ಚಿ ಎಳೆದು ಕ್ಷಮೆ ಕೇಳಿದ ಪ್ರಾಣಿಯನ್ನು ನಾನು ಈವರೆಗೆ ನೋಡಿಲ್ಲ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಬಿ.ಎಸ್ಸಿ. ನರ್ಸಿಂಗ್, ಶಿವಮೊಗ್ಗದಲ್ಲಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಡಿಗ್ರಿಯನ್ನು ಹೇಳಿಕೊಂಡು ತಿರುಗಬಾರದು ಎನ್ನುವವರ ಮನೆಗಳಲ್ಲಿ ಮೂರು ತಲೆಮಾರಿನಿಂದ ಡಿಗ್ರಿಗಳು ಗೋಡೆಗೆ ನೇತುಬಿದ್ದಿವೆ. ಆಮೇಲೆ ಜರ್ಮನ್ ಕಲಿತೆ, ಪರೀಕ್ಷೆ ಪಾಸಾದೆ, ಒಮ್ಮೆ ಫೇಲಾಗಿ ಪಾಸಾದೆ, ಇಲ್ಲಿಗೆ ಬಂದೆ. ಈ ಓದಿನ ಜೊತೆಜೊತೆಗೇ ನನಗೆ ಇನ್ನೊಂದು ಆಸೆಯಿತ್ತು. ಅಪ್ಪನ ಸೆಟ್ಟಿನಲ್ಲಿ ಅಪ್ಪನ ಪಕ್ಕ ನಿಂತು ಊದಬೇಕು. ಅವರ ಹಳೆಯ ಕ್ಲಾರಿನೆಟ್ ಹಿಡಿದುಕೊಂಡು ಅವರಿಂದಲೇ ಕಲಿತವಳು ನಾನು. ಮನೆಯಲ್ಲಿ ಊದುವುದಕ್ಕೆ ಅವರು ಎಂದೂ ಬೇಡ ಎನ್ನಲಿಲ್ಲ. ಹೊರಗೆ ಮಾತ್ರ ಬಿಡಲಿಲ್ಲ.

"ಬಾಗ್ಲೊಳಗೆ ಎಷ್ಟಾದ್ರೂ ಊದು. ನೀ ಬಾಗ್ಲು ದಾಟಿದ ದಿನ ನಾ ಊದೋದು ಬಿಡ್ತೀನಿ" ಎನ್ನುತ್ತಿದ್ದರು.

"ಯಾಕಪ್ಪ, ಹೆಣ್ಣುಡುಗಿ ಅಂತನಾ?"

"ಓದಿದೋಳು ಅಂತ."

ಜರ್ಮನಿಗೆ ಹೊರಡುವಾಗ ಆ ಹಳೆಯ ಕ್ಲಾರಿನೆಟ್ ಬೇಕೆಂದು ಕೇಳಿದೆ. ಕೊಟ್ಟರು. ಅಲ್ಲಿಯಾದರೆ ಅದು ಅವರ ಬಾಗಿಲಲ್ಲವಲ್ಲ.

ಈಗ ಇದನ್ನೆಲ್ಲ ಬರೆಯಲು ಕಾರಣವಿದೆ. ಕಾಲೇಜಿನಲ್ಲಿ ನನಗೆ ಕನ್ನಡ ಕಲಿಸಿದ ಮೇಷ್ಟ್ರೊಬ್ಬರು ನಿವೃತ್ತರಾಗಿ ಶಿಕಾರಿಪುರದಲ್ಲಿದ್ದಾರೆ, ಓದುವವರ ಒಂದು ಬಳಗ ನಡೆಸುತ್ತಾರೆ. ವಾಟ್ಸಾಪಿನಲ್ಲಿ ಅವರ ದನಿ ಬಂತು. "ನೀನಲ್ಲಿ ಜಾಝ್ ಕ್ಲಬ್ಬಿಗೆಲ್ಲ ಹೋಗ್ತೀಯಂತಲ್ಲಮ್ಮ. ನಮ್ಮ ಬಳಗದೋರಿಗೆ ಅದರ ರುಚಿ ಹತ್ತಿಸ್ಬೇಕು ಅಂತ ಇದೀನಿ. ಯಾವ ಆಲ್ಬಂನಿಂದ ಶುರು ಮಾಡ್ಬೇಕು, ಯಾವ ಕಲಾವಿದರನ್ನ ಕೇಳ್ಬೇಕು, ಅಲ್ಲಿ ನಿನ್ನ ಜೀವನ ಹೆಂಗೆ, ಎಲ್ಲ ಸೇರಿಸಿ ಬರೆದು ಕಳಿಸು. ನಮ್ಮ ಕಡೆ ಇಂಥ ಸಂಗೀತ ಕೇಳೋ ಸಂಸ್ಕಾರನೇ ಇಲ್ಲ ನೋಡು."

ಅವರ ಮಗಳ ಮದುವೆಯಲ್ಲಿ ಊದಿದ್ದು ಅಪ್ಪನ ಸೆಟ್ಟು. ಸೈಡ್ ಡ್ರಮ್ ಬಾರಿಸುವ ಬಸಣ್ಣ ಆ ಕಥೆಯನ್ನು ಇವತ್ತಿಗೂ ಅಭಿನಯಿಸಿ ತೋರಿಸುತ್ತಾರೆ. ಅಪ್ಪ ಕಣ್ಣು ಮುಚ್ಚಿ ಊದುತ್ತಿದ್ದಾಗ ಮೇಷ್ಟ್ರು ಕಿವಿಗೆ ಫೋನ್ ಒತ್ತಿಕೊಂಡು ಹೊರಗೆ ಬಂದರಂತೆ. "ಏ, ಒಂಚೂರು ನಿಲ್ಸ್ರೋ, ಫೋನಲ್ಲಿದೀನಿ." ನನ್ನ ಅಪ್ಪನಿಗೆ ಮೇಷ್ಟ್ರಿಗಿಂತ ಹೆಚ್ಚು ವಯಸ್ಸು.

ಮೇಷ್ಟ್ರೇ, ಬರೆಯುತ್ತಿದ್ದೇನೆ. ಆದರೆ ಹೆಸರುಗಳ ಪಟ್ಟಿ ಕೊಡುವುದಿಲ್ಲ. ಕಾರಣ ಹೇಳುತ್ತೇನೆ. ಆ ನೆಲಮಾಳಿಗೆಗೆ ಎರಡನೇ ಸಲ ಹೋದಾಗ ಪಕ್ಕದ ಮೇಜಿನವರು ಬಹಳ ನಯವಾಗಿ ಕೇಳಿದರು, "ನೀವು ಯಾರನ್ನು ಕೇಳುತ್ತೀರಿ?" ನನಗೆ ಯಾರ ಹೆಸರೂ ಗೊತ್ತಿರಲಿಲ್ಲ. ಅವರು ಮುಗುಳ್ನಕ್ಕು ಆಚೆ ತಿರುಗಿದರು. ನಮ್ಮ ಕಡೆ ಬಸ್ಸಿನಲ್ಲಿ ಪಕ್ಕ ಕೂತವರು "ಯಾವ ಜನ ನೀವು?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ಕಿಟಕಿಯಾಚೆ ನೋಡುತ್ತಾರಲ್ಲ, ಅದೇ ತಿರುಗುವಿಕೆ. ಹೆಸರುಗಳನ್ನು ಕೊಟ್ಟರೆ ನಿಮ್ಮ ಬಳಗದಲ್ಲೂ ಅದೇ ಶುರುವಾಗುತ್ತದೆ. ಹೆಸರು ಗೊತ್ತಿರುವವರು ಒಂದು ಪಂಕ್ತಿ, ಗೊತ್ತಿಲ್ಲದವರು ಇನ್ನೊಂದು. ಎಲ್ಲಿಂದ, ಹೇಗೆ ಕೇಳಬೇಕೆಂದು ಹೇಳುತ್ತೇನೆ. ಹುಡುಕಿಕೊಳ್ಳಿ. ಮೊಬೈಲು ಎಲ್ಲರ ಕೈಯಲ್ಲಿದೆ.

ಹೊಸಬರಿಗೆ ಎಲ್ಲರೂ ಕೊಡುವುದು ಒಂದೇ ಬಗೆಯ ರೆಕಾರ್ಡು. ಐವತ್ತರ ದಶಕದ ಕೊನೆಯ ಹೊತ್ತಿನವು, ಐದಾರು ಜನ ಸೇರಿ ನಿಧಾನಕ್ಕೆ ನುಡಿಸಿದವು, ಟ್ರಂಪೆಟ್ಟಿನ ಬಾಯಿಗೆ ಬಟ್ಟಲಿನಂಥದ್ದನ್ನು ಸಿಕ್ಕಿಸಿ ದನಿಯನ್ನು ಕುಗ್ಗಿಸಿಕೊಂಡವು. ಚೆನ್ನಾಗಿವೆ, ಕೇಳಿ. ಆದರೆ ತರಕಾರಿ ಹೆಚ್ಚುತ್ತ ಕೇಳಬೇಡಿ. ಇಲ್ಲಿ ಕಾಫಿ ಅಂಗಡಿಗಳಲ್ಲಿ ಅದನ್ನು ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿದಿರುತ್ತಾರೆ. ಹಾಗೆ ಕೇಳಿದರೆ ಅದು ಹಿತವಾಗಿದೆ ಎನ್ನುವುದೊಂದು ಬಿಟ್ಟು ಬೇರೇನೂ ತಿಳಿಯುವುದಿಲ್ಲ.

ನನ್ನ ಮಾತು ಕೇಳುವುದಾದರೆ ಇನ್ನೂ ಹಿಂದಿನದರಿಂದ ಶುರು ಮಾಡಿ. ಅಮೆರಿಕದ ನ್ಯೂ ಆರ್ಲಿಯನ್ಸ್ ಎಂಬ ಊರಿನ ಹಳೆಯ ರೆಕಾರ್ಡುಗಳು, ನೂರು ವರ್ಷದ ಹಿಂದಿನವು. ಎಣ್ಣೆಯಲ್ಲಿ ಏನೋ ಹುರಿಯುತ್ತಿರುವ ಹಾಗೆ ಸದ್ದು ಇರುತ್ತದೆ, ಸಹಿಸಿಕೊಳ್ಳಿ. ಕ್ಲಾರಿನೆಟ್, ಟ್ರಂಪೆಟ್, ಟ್ರೊಂಬೋನ್ ಮೂರೂ ಒಟ್ಟಿಗೆ ಮಾತಾಡುತ್ತವೆ, ಒಂದು ಇನ್ನೊಂದರ ಮಾತನ್ನು ಕಸಿದುಕೊಳ್ಳುತ್ತದೆ. ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಬಂದಾಗಿನ ಗಲಾಟೆ ಕೇಳಿ ಬೆಳೆದ ಕಿವಿಗೆ ಅದು ಹೊಸದಲ್ಲ. ಆ ಊರಿನ ಬ್ಯಾಂಡುಗಳು ಹೆಣದ ಮುಂದೆ ನಡೆಯುತ್ತಿದ್ದವು. ಹೋಗುವಾಗ ನಿಧಾನ, ಮಣ್ಣು ಮಾಡಿ ಬರುವಾಗ ಜೋರು. ಬೀದಿಯಲ್ಲಿ ನಡೆಯುತ್ತ ಊದಿದವರಿಂದ ಬೆಳೆದ ಸಂಗೀತ ಇದು. ಊದಿದವರಲ್ಲಿ ಹೆಚ್ಚಿನವರು ಗುಲಾಮರಾಗಿದ್ದವರ ಮಕ್ಕಳು, ಮೊಮ್ಮಕ್ಕಳು. ದೊಡ್ಡ ದೊಡ್ಡ ಹೋಟೆಲುಗಳಲ್ಲಿ ಇವರ ಸಂಗೀತಕ್ಕೆ ಬಿಳಿಯರು ಕುಣಿದರು. ಇವರು ಮಾತ್ರ ಹಿಂಬಾಗಿಲಿನಿಂದ ಬಂದು, ಅಡುಗೆಮನೆಯಲ್ಲಿ ಉಂಡು, ಹಿಂಬಾಗಿಲಿನಿಂದಲೇ ಹೋಗಬೇಕಿತ್ತು.

ಇದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಕೋಣೆಯಲ್ಲಿ ಅತ್ತಿಂದಿತ್ತ ನಡೆದಾಡಿದೆ. ಸಂಸ್ಕಾರವಿಲ್ಲ ಅಂದಿರಲ್ಲ ಮೇಷ್ಟ್ರೇ, ನಮ್ಮ ಕಡೆ ಇಲ್ಲದಿರುವುದು ಯಾವುದು? ಸಂಗೀತವೋ, ಅದನ್ನು ಊದುವವರೋ, ಅಥವಾ ಅವರಿಗೊಂದು ಎಲೆ ಹಾಕುವ ಮನಸ್ಸೋ?

ಇನ್ನು ಇಲ್ಲಿನ ಜೀವನ. ಇಲ್ಲಿ ಮನೆ ಸಿಗುವುದು ಕಷ್ಟ. ಸಿಕ್ಕ ಒಂದು ಕೋಣೆಯ ಯಜಮಾನ ನನ್ನ ಜಾತಿ ಕೇಳಲಿಲ್ಲ, ಮಾಂಸ ತಿನ್ನುತ್ತೀಯಾ ಎಂದು ಕೇಳಲಿಲ್ಲ. ವಾದ್ಯ ನುಡಿಸುತ್ತೀಯಾ ಎಂದು ಕೇಳಿದ. ಹೌದು ಅಂದೆ. ಅವನ ಮುಖ ಗಂಟಾಯಿತು. ಈ ದೇಶದಲ್ಲಿ ರೂಹೆತ್ಸೈಟ್ ಅಂತ ಒಂದಿದೆ, ಸುಮ್ಮನಿರಬೇಕಾದ ಹೊತ್ತು ಅಂತ ಅರ್ಥ. ರಾತ್ರಿ ಪೂರ್ತಿ ಸುಮ್ಮನಿರಬೇಕು, ಭಾನುವಾರ ಇಡೀ ದಿನ ಸುಮ್ಮನಿರಬೇಕು, ಅವನ ಕಟ್ಟಡದಲ್ಲಿ ಮಧ್ಯಾಹ್ನ ಊಟದ ಮೇಲೂ ಎರಡು ತಾಸು ಸುಮ್ಮನಿರಬೇಕು. ಭಾನುವಾರ ಗೋಡೆಗೆ ಮೊಳೆ ಹೊಡೆದರೆ ಪೊಲೀಸರಿಗೆ ಫೋನ್ ಹೋಗುತ್ತದೆ. ನಮ್ಮಲ್ಲಿ ಬೆಳಗಿನ ಜಾವ ಧ್ವನಿವರ್ಧಕ ಹಾಕಿ ಊರನ್ನೇ ಎಬ್ಬಿಸುವ ಹಕ್ಕು ಎಲ್ಲರಿಗೂ ಇದೆ. ಇಲ್ಲಿ ನಿದ್ದೆಯೇ ಹಕ್ಕು. ಮೊದಮೊದಲು ಇದು ನಾಗರಿಕತೆ ಅನ್ನಿಸಿತು. ಪಾಳಿ ಕೆಲಸದವಳು ನಾನು, ಮನೆಯಲ್ಲಿರುವುದೇ ಮಧ್ಯಾಹ್ನ. ಆ ಹೊತ್ತಿನಲ್ಲಿ ಊದುವ ಹಾಗಿಲ್ಲ ಎಂದಾದ ಮೇಲೆ ನಾಗರಿಕತೆಯ ಮೇಲಿನ ಪ್ರೀತಿ ಇಳಿಯಿತು.

ನಮ್ಮ ಕಟ್ಟಡದ ಬಟ್ಟೆ ಒಗೆಯುವ ಯಂತ್ರಗಳಿರುವ ನೆಲಮಾಳಿಗೆಗೆ ಹೋಗಿ ಊದತೊಡಗಿದೆ. ಯಂತ್ರ ತಿರುಗುತ್ತಿದ್ದರೆ ನನ್ನ ಸದ್ದು ಅದರೊಳಗೆ ಸೇರಿಹೋಗುತ್ತದೆ ಎಂದುಕೊಂಡಿದ್ದೆ. ಒಂದು ದಿನ ಮೇಲಿನ ಮನೆಯ ವಿಧವೆ ಫ್ರಾವ್ ಕ್ಲೌಸೆನ್ ಬಟ್ಟೆಯ ಬುಟ್ಟಿ ಹಿಡಿದುಕೊಂಡು ಬಂದು ನಿಂತಳು. ಫ್ರಾವ್ ಅಂದರೆ ಶ್ರೀಮತಿ. "ಈಗ ಒಂದೂವರೆ ಗಂಟೆ" ಅಂದಳು. ಅಷ್ಟೇ ಅಂದಳು. ನಾನು ಕ್ಲಾರಿನೆಟ್ ಬಿಚ್ಚಿ ಪೆಟ್ಟಿಗೆಗೆ ತುಂಬಿದೆ. ಬೈದಿದ್ದರೆ ಬಯ್ಯಬಹುದಿತ್ತು, ಗಂಟೆ ಹೇಳಿದವಳಿಗೆ ಏನು ಹೇಳುವುದು? ತಿರುಗಿ ಮಾತಾಡುವಷ್ಟು ಜರ್ಮನ್ ನನಗೆ ಆಗಿನ್ನೂ ಬಂದಿರಲಿಲ್ಲ. ಪರೀಕ್ಷೆಯಲ್ಲಿ ಕಲಿಸುವ ಜರ್ಮನ್‌ನಲ್ಲಿ ಜಗಳವಾಡಲು ಆಗುವುದಿಲ್ಲ. ಜಗಳದ ಜರ್ಮನ್ ನಾನು ಕಲಿತದ್ದು ವಾರ್ಡಿನ ಮುದುಕರಿಂದ. ಸೂಜಿ ಚುಚ್ಚುವಾಗ ಅವರು ಬಯ್ಯುವುದನ್ನು ಕೇಳಿ ಕೇಳಿ ಗಟ್ಟಿಯಾದೆ. ಮುಂದಿನ ಸಲ ಫ್ರಾವ್ ಕ್ಲೌಸೆನ್ ಗಂಟೆ ಹೇಳಿದಾಗ "ನಿಮ್ಮ ಯಂತ್ರದ ಸದ್ದು ನನ್ನದಕ್ಕಿಂತ ಜೋರಾಗಿದೆ, ಅದಕ್ಕೂ ಗಂಟೆ ಹೇಳಿ" ಅಂದೆ. ಅವಳು ಯಂತ್ರವನ್ನು ನೋಡಿದಳು, ನನ್ನನ್ನು ನೋಡಿದಳು. "ಬಾಗಿಲು ಹಾಕಿಕೊಂಡು ಊದು" ಎಂದು ಹೋದಳು. ಈ ದೇಶದಲ್ಲಿ ನಾನು ಗೆದ್ದ ಮೊದಲ ಜಗಳ ಅದು. ಆ ಸಂಜೆ ಚಿತ್ರಾನ್ನ ಮಾಡಿಕೊಂಡು ಪೂರಾ ಬಾಣಲೆ ಒಬ್ಬಳೇ ಖಾಲಿ ಮಾಡಿದೆ.

ನೆಲಮಾಳಿಗೆಯ ಕ್ಲಬ್ಬಿನಲ್ಲಿ ಗುರುವಾರಗಳಂದು ಯಾರು ಬೇಕಾದರೂ ವಾದ್ಯ ತಂದು ಜೊತೆಗೂಡಬಹುದು. ನಡೆಸುವವನು ಯೋರ್ಗ್, ಹಗಲು ಶಾಲೆಯಲ್ಲಿ ಭೂಗೋಳ ಕಲಿಸುತ್ತಾನೆ, ಸಂಜೆ ಟ್ರಂಪೆಟ್. ನಾನು ತಿಂಗಳುಗಟ್ಟಲೆ ಹಿಂದೆ ಕೂತು ಕೇಳಿದೆ. ಆ ಕೇಳುವಿಕೆಯಿಂದ ಬಂದದ್ದನ್ನೇ ಹೊಸಬರಿಗೆ ಹೇಳುತ್ತೇನೆ. ಪಿಯಾನೊ, ಡಬಲ್ ಬಾಸ್, ಡ್ರಮ್, ಮೂರೇ ಜನರಿರುವ ರೆಕಾರ್ಡು ಹುಡುಕಿ. ಮೊದಲ ಸಲ ಬಾಸ್ ಒಂದನ್ನೇ ಹಿಡಿದು ಕೊನೆತನಕ ಹೋಗಿ. ಆಳೆತ್ತರದ ಪಿಟೀಲಿನಂಥ ವಾದ್ಯ ಅದು, ಬೆರಳಿನಲ್ಲಿ ಮೀಟುತ್ತಾರೆ. ನೆಲದಡಿಯಲ್ಲಿ ಯಾರೋ ನಡೆಯುತ್ತಿರುವ ಹಾಗೆ ಕೇಳುತ್ತದೆ. ಎರಡನೇ ಸಲ ಡ್ರಮ್ ಹಿಡಿಯಿರಿ. ಮೂರನೇ ಸಲಕ್ಕೆ ಪಿಯಾನೊ ತಾನಾಗಿ ಅರ್ಥವಾಗುತ್ತದೆ. ಸ್ಟುಡಿಯೋದಲ್ಲಿ ಮಾಡಿದ್ದಕ್ಕಿಂತ ಜನರ ಮುಂದೆ ನುಡಿಸಿದ್ದು ಮೇಲು. ಲೋಟದ ಸದ್ದು, ಕೆಮ್ಮು ಎಲ್ಲ ಇರಲಿ. ಹೆಂಗಸರು ಹಾಡಿದ್ದನ್ನು ಕೇಳುವಾಗ ಅವರ ಚಿಕ್ಕ ವಯಸ್ಸಿನ ರೆಕಾರ್ಡುಗಳಿಗೆ ಮರುಳಾಗಬೇಡಿ. ವಯಸ್ಸಾಗಿ ದನಿ ಒಡೆದ ಮೇಲೆ ಹಾಡಿದ್ದನ್ನು ಹುಡುಕಿ. ಅವರು ತಾಳದ ಹಿಂದೆ ಹಿಂದೆ ನಡೆಯುತ್ತಾರೆ, ತಪ್ಪಿಹೋದರು ಅನ್ನುವಷ್ಟರಲ್ಲಿ ಬಂದು ಸೇರುತ್ತಾರೆ. ಸ್ಯಾಕ್ಸೊಫೋನಿನಲ್ಲಿ ದೇವರನ್ನು ಕೂಗಿ ಕರೆದಂಥ ರೆಕಾರ್ಡುಗಳೂ ಇವೆ, ತುಂಬ ಉದ್ದ, ತುಂಬ ಜೋರು. ಅವನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲೇ ಕೇಳಿದರೆ ಓಡಿಹೋಗುತ್ತೀರಿ.

ಒಂದು ಗುರುವಾರದ್ದನ್ನು ಮೊಬೈಲಿನಲ್ಲಿ ಹಿಡಿದು ಅಪ್ಪನಿಗೆ ಕಳಿಸಿದೆ. ಅವರೂ ಬಸಣ್ಣನೂ ಕೂತು ನೋಡಿ ಫೋನ್ ಮಾಡಿದರು.

"ಎಲ್ಲ ಚೆನ್ನಾಗೈತೆ. ಮದ್ವೆ ಯಾರ್ದು?" ಅಂದರು ಅಪ್ಪ.

"ಮದುವೆ ಅಲ್ಲಪ್ಪ. ಸುಮ್ಮನೆ ಕೇಳೋಕೆ ಬಂದಿರ್ತಾರೆ."

"ಉಣ್ಣಲ್ಲೇನು ಯಾರೂ?"

ಹಿಂದಿನಿಂದ ಬಸಣ್ಣನ ದನಿ ಬಂತು. "ತಂಗಿ, ಆ ಡ್ರಮ್ಮಿನೋನು ಯಾಕವ್ವ ಹಂಗೆ ಕಸ ಗುಡಿಸ್ತಾನೆ? ಬಡಿಗೆ ಇಲ್ಲೇನು ಅವನ ತಾವ? ನನ್ನೋವು ಎರಡು ಕಳಿಸ್ಲೇನು?"

ತಂತಿಯ ಪೊರಕೆಯಂಥದ್ದರಿಂದ ಅವನು ಡ್ರಮ್ ಸವರುತ್ತಿದ್ದ. ಅದನ್ನು ವಿವರಿಸಿದೆ. ಬಸಣ್ಣ ಒಪ್ಪಲಿಲ್ಲ.

ಕೊನೆಗೊಂದು ಗುರುವಾರ ಯೋರ್ಗ್ ನನ್ನನ್ನು ವೇದಿಕೆಗೆ ಕರೆದ. ನಾಲ್ಕು ತಿಂಗಳು ಬಟ್ಟೆಯ ಯಂತ್ರದ ಪಕ್ಕ ಸಾಧನೆ ಮಾಡಿದ ಒಂದು ನಿಧಾನದ ಹಾಡನ್ನು ಊದಬೇಕಿತ್ತು. ಶುರುವಿನದು ಸರಿಯಾಯಿತು. ಆಮೇಲೆ ಬಾಸಿನವಳ ಸರದಿ. ಎಲ್ಲರೂ ನಿಲ್ಲಿಸಿದರು, ಅವಳೊಬ್ಬಳೇ ಮೆಲ್ಲಗೆ ಮೀಟುತ್ತಿದ್ದಳು. ಇಡೀ ಕೋಣೆ ಉಸಿರು ಬಿಗಿಹಿಡಿದಿತ್ತು. ಆಗ ಯೋರ್ಗ್ ನಮ್ಮ ಕಡೆ ತಿರುಗಿ ಒಂದು ಬೆರಳು ಎತ್ತಿದ. ಅವಳಿಗೆ ಇನ್ನೊಂದು ಸುತ್ತು ಕೊಡೋಣ ಅಂತ ಅದರ ಅರ್ಥವಂತೆ. ನನ್ನ ಕಣ್ಣಿಗೆ ಕಂಡದ್ದು ಮಂಟಪದಿಂದ ಪುರೋಹಿತರು ಎತ್ತುವ ಬೆರಳು. ತಾಳಿ ಕಟ್ಟುವ ಹೊತ್ತಿಗೆ ಆ ಬೆರಳು ಮೇಲೆದ್ದರೆ ಗಟ್ಟಿಮೇಳ. ಸೀನು, ಅಳು, ಕೆಟ್ಟ ಮಾತು ಯಾವುದೂ ಕಿವಿಗೆ ಬೀಳದ ಹಾಗೆ ಎದೆಯಲ್ಲಿರುವ ಗಾಳಿಯನ್ನೆಲ್ಲ ಊದಿಬಿಡಬೇಕು. ಅಪ್ಪನ ಮಗಳಾಗಿ ಎಷ್ಟು ಮದುವೆಗಳ ಚಪ್ಪರದ ಕಂಬಕ್ಕೆ ಒರಗಿ ಆ ಬೆರಳನ್ನು ಕಾದಿದ್ದೇನೋ. ಯೋಚಿಸುವ ಮೊದಲೇ ತುಟಿ ಊದಿತು. ಬಾಸಿನವಳು ಬೆಚ್ಚಿಬಿದ್ದಳು. ಮುಂದಿನ ಮೇಜಿನವನ ಕೈಯಿಂದ ಲೋಟ ಜಾರಿತು.

ನಾನು ನಿಲ್ಲಿಸಿದಾಗ ಎಲ್ಲ ನಿಂತಿತ್ತು. ಯೋರ್ಗ್ ಏನಾಯಿತೆಂದು ಕೇಳಿದ. ನೆಲಕ್ಕಿಳಿದುಹೋದರೆ ಸಾಕು ಅನ್ನಿಸುತ್ತಿದ್ದರೂ ನಿಂತು ವಿವರಿಸಿದೆ, ಮದುವೆ, ತಾಳಿ, ಬೆರಳು ಎಲ್ಲ. ಅವರು ನಕ್ಕರು, ಆಮೇಲೆ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಕೆಟ್ಟ ನಗುವಲ್ಲ ಅದು. ಸಮಸ್ಯೆ ಶುರುವಾದದ್ದೇ ಅಲ್ಲಿಂದ. ಮುಂದಿನ ಗುರುವಾರ ನಾನು ವೇದಿಕೆ ಹತ್ತಿದ ಕೂಡಲೇ ಹಿಂದಿನ ಸಾಲಿನವನೊಬ್ಬ "ಹೋಖ್‌ತ್ಸೈಟ್" ಎಂದು ಕೂಗಿದ. ಮದುವೆ ಅಂತ ಅರ್ಥ. ಉಳಿದವರು ದನಿಗೂಡಿಸಿದರು. ಯೋರ್ಗ್ ನಗುತ್ತ ಬೆರಳೆತ್ತಿದ. ಊದಿದೆ. ಅದರ ಮುಂದಿನ ವಾರವೂ ಅದೇ. ಸೀರೆಯಲ್ಲಿ ಬರಬಹುದಲ್ಲ ಎಂದು ಒಬ್ಬಾಕೆ ಕೇಳಿದಳು. ಇನ್ನೊಬ್ಬ, ನಿಮ್ಮಲ್ಲಿ ಇದರ ಹಿಂದೆ ಏನಾದರೂ ಧ್ಯಾನದ ತತ್ವವಿದೆಯೇ ಎಂದ. ಸೀನು ಕೇಳಿಸದಿರಲಿ ಅಂತ, ಅಷ್ಟೇ ಅಂದೆ. ಅವನಿಗೆ ನಿರಾಸೆಯಾಯಿತು.

ಮೂರನೇ ವಾರ ಬೆರಳು ಎದ್ದಾಗ ಕ್ಲಾರಿನೆಟ್ ಕೆಳಗಿಳಿಸಿದೆ.

"ಆ ನಿಧಾನದ ಹಾಡಿಗೆ ನಾಲ್ಕು ತಿಂಗಳು ಕೊಟ್ಟಿದ್ದೇನೆ ಯೋರ್ಗ್. ಅದನ್ನು ಕೇಳು" ಅಂದೆ.

"ಅದನ್ನು ಇಲ್ಲಿ ಯಾರು ಬೇಕಾದರೂ ಊದುತ್ತಾರೆ. ನಿನ್ನದು ನಿನಗೊಬ್ಬಳಿಗೇ ಬರುತ್ತದೆ" ಅಂದ ಅವನು. ಪ್ರೀತಿಯಿಂದಲೇ ಅಂದ.

"ಯಾರು ಬೇಕಾದರೂ ಅನ್ನುವುದರಲ್ಲಿ ನಾನು ಯಾಕಿಲ್ಲ?"

ಕನ್ನಡ ಮೇಷ್ಟ್ರ ಮುಂದೆ ಹೇಳಲಾಗದ್ದನ್ನು ಭೂಗೋಳದ ಮೇಷ್ಟ್ರ ಮುಂದೆ ಹೇಳಿದ್ದೆ. ಅವನು ತಲೆಯಾಡಿಸಿ ಬಾಸಿನವಳಿಗೆ ಸನ್ನೆ ಮಾಡಿದ. ನಾನು ಊದಿದೆ. ಯಾರೂ ಮದುವೆ ಎಂದು ಕೂಗಲಿಲ್ಲ. ಚಪ್ಪಾಳೆ ಎಲ್ಲರಿಗೂ ಬೀಳುವಷ್ಟೇ ಬಿತ್ತು, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ನನಗೆ ಬೇಕಿದ್ದದ್ದು ಅದೇ. ಇಳಿಯುವಾಗ ಬಾಸಿನವಳು ಕಿವಿಯಲ್ಲಿ ಹೇಳಿದಳು, "ನೀನು ತಾಳದ ಮೇಲೆ ನೆಟ್ಟಗೆ ಹೆಜ್ಜೆ ಹಾಕುತ್ತೀ. ಕವಾಯತಿನ ಹಾಗೆ. ಸ್ವಲ್ಪ ಹಿಂದೆ ಬೀಳುವುದನ್ನು ಕಲಿ." ಆ ಮಾತಿಗೆ ಸಿಟ್ಟು ಬರಲಿಲ್ಲ. ಊದುವವಳಿಗೆ ಊದುವವಳು ಹೇಳಿದ ಮಾತು ಅದು. ಹಿಂದೆ ಬೀಳುವುದನ್ನು ಕಲಿಯಲು ಇನ್ನೂ ಆರೇಳು ತಿಂಗಳು ಬೇಕಾಯಿತು.

ಇಲ್ಲಿ ನಿಲ್ಲಲು ಒಂದು ಜಾಗ ಸಿಕ್ಕಿದ ಮೇಲೆ ಊರಲ್ಲಿ ಅಪ್ಪನ ಪಕ್ಕದ ಜಾಗದ ಆಸೆ ಇನ್ನೂ ಹೆಚ್ಚಾಯಿತು. ಹೋದ ಚಳಿಗಾಲದಲ್ಲಿ ರಜೆಗೆ ಊರಿಗೆ ಬಂದಾಗ ಸೊರಬ ತಾಲ್ಲೂಕಿನ ಉಳವಿಯಲ್ಲಿ ಅಪ್ಪನ ಸೆಟ್ಟಿಗೆ ಒಂದು ಮದುವೆಯಿತ್ತು. ಎರಡನೇ ಕ್ಲಾರಿನೆಟ್ಟಿನವರು ಜ್ವರ ಬಂದು ಮಲಗಿದ್ದರು. ನಾನು ಬರುತ್ತೇನೆ ಅಂದೆ. ಅಪ್ಪ ಆಗುವುದಿಲ್ಲ ಅಂದರು. ನನ್ನ ಪರ ವಹಿಸಿದ್ದು ಬಸಣ್ಣ. "ಜರ್ಮನಿ ದೇಶದಾಗೆ ಗಂಡಸರ ನಡುವೆ ನಿಂತು ಊದ್ತಾಳೆ. ಉಳವಿಯೋರು ಏನು ತಿಂದುಹಾಕ್ತಾರೇನೋ ಹನುಮಂತ?" ಬೆಳಿಗ್ಗೆ ಟೆಂಪೋ ಹೊರಡುವಾಗ ಅಪ್ಪ ಕೆಂಪು ಕೋಟೊಂದನ್ನು ಇಸ್ತ್ರಿ ಮಾಡಿ ನನ್ನ ಚೀಲದ ಮೇಲೆ ಇಟ್ಟಿದ್ದರು.

ಶಿರಾಳಕೊಪ್ಪ ದಾಟಿ, ಸೊರಬ ದಾಟಿ ಉಳವಿ ಮುಟ್ಟಿದೆವು. ಹೆಣ್ಣಿನವರು ಅನುಕೂಲಸ್ಥರು. ದಿಬ್ಬಣ ಇಳಿದ ಕಡೆಯಿಂದ ಚಪ್ಪರದವರೆಗೆ ಊದುತ್ತ ನಡೆಯಬೇಕು. ನಮ್ಮ ಸೆಟ್ಟಿನ ಪದ್ಧತಿ ಎಂದರೆ ಅಪ್ಪ ಒಂದು ಸಾಲು ಊದಿ ಬಿಡುತ್ತಾರೆ, ಎರಡನೇ ಕ್ಲಾರಿನೆಟ್ ಅದೇ ಸಾಲನ್ನು ಹೇಳಿ ಉತ್ತರ ಕೊಡಬೇಕು. ಅಪ್ಪ ಊದಿದರು, ನಾನು ಉತ್ತರ ಕೊಟ್ಟೆ. ಅಷ್ಟು ವರ್ಷ ಬಾಗಿಲೊಳಗೆ ಕೊಟ್ಟ ಉತ್ತರವನ್ನು ಬೀದಿಯಲ್ಲಿ ಕೊಟ್ಟೆ.

"ಅಯ್ಯ, ಹೆಣ್ಣುಡುಗಿ ಊದ್ತದೆ ನೋಡೇ" ಎಂದು ಒಬ್ಬ ಹೆಂಗಸು ಇನ್ನೊಬ್ಬಳಿಗೆ ತೋರಿಸಿದಳು. ಹುಡುಗರು ಮೊಬೈಲ್ ಎತ್ತಿದರು. ನೋಡಿದವರು ಬಹಳ, ಕೇಳಿದವರು ಯಾರೂ ಇಲ್ಲ.

ಅಕ್ಷತೆ ಬಿದ್ದ ಮೇಲೆ ಹೆಣ್ಣಿನ ಸೋದರಮಾವ ನನ್ನನ್ನು ಹುಡುಕಿಕೊಂಡು ಬಂದರು. ಯಾರೋ ಹೇಳಿದ್ದರು. "ನೀವು ಜರ್ಮನಿಲಿ ನರ್ಸ್ ಅಂತಲ್ಲ? ಹೌದನಾ? ನನ್ನ ಮಗಳೂ ನರ್ಸಿಂಗ್ ಓದ್ತಿದಾಳೆ. ಅಲ್ಲಿಗೆ ಹೋಗೋದು ಹೇಗೆ ಏನು ಸ್ವಲ್ಪ ಹೇಳ್ಬೇಕಿತ್ತು. ಬನ್ನಿ ಬನ್ನಿ, ಪಂಕ್ತಿ ಕೂರ್ತಾ ಉಂಟು, ಮೊದ್ಲು ಊಟ ಮಾಡಿ."

"ನಮ್ಮ ಸೆಟ್ಟಿನವರು?" ಅಂದೆ.

"ಅವರದ್ದು ಆಮೇಲೆ ಆಗ್ತದೆ ಮಾರಾಯ್ತಿ. ಅವರಿಗೆ ಹಿಂದ್ಗಡೆ ಮಾಡಿರ್ತಾರೆ."

"ನಾನು ಸೆಟ್ಟಿನವಳೇ. ಅವರ ಜೊತೆಗೇ ಉಣ್ಣುತ್ತೇನೆ."

ಅವರು ನನ್ನ ಕೋಟನ್ನು ಈಗಷ್ಟೇ ನೋಡಿದವರ ಹಾಗೆ ನೋಡಿದರು. "ಹಾಗಲ್ಲ ಮೇಡಂ, ನೀವು ಓದಿದವರು" ಅಂದರು.

ನಾನು ಹಿಂದಕ್ಕೆ ನಡೆದೆ. ಅಡುಗೆಯವರು ಪಾತ್ರೆ ತೊಳೆಯುವ ನೀರಿನ ತೊಟ್ಟಿಯ ಪಕ್ಕ ಅಪ್ಪ, ಬಸಣ್ಣ, ಉಳಿದವರು ಕೋಟಿನ ಗುಂಡಿ ಬಿಚ್ಚಿಕೊಂಡು ಕೂತಿದ್ದರು. ಒಳಗಿನ ಪಂಕ್ತಿಗಳೆಲ್ಲ ಮುಗಿದ ಮೇಲೆ ಅವರಿಗೆ ಅಲ್ಲಿಯೇ ಬಡಿಸುವುದು. ಅಮೆರಿಕದ ಹೋಟೆಲುಗಳ ಅಡುಗೆಮನೆ ನೆನಪಾಯಿತು. ಅಪ್ಪನ ಪಕ್ಕ ಹೋಗಿ ಕೂತೆ. ಏನೋ ದೊಡ್ಡ ಕೆಲಸ ಮಾಡಿದೆ ಅನ್ನಿಸಿತ್ತು.

ಅಪ್ಪನ ಮುಖ ಕೆಂಪಾಯಿತು.

"ಯಾಕೆ ಬಂದೆ ಇಲ್ಲಿಗೆ?"

"ಕರೆದರು. ನಿಮ್ಮನ್ನು ಬಿಟ್ಟು ಹೋಗಲ್ಲ ಅಂದೆ."

"ಯಾರು ಹೇಳಿದ್ರು ನಿಂಗೆ ಹಂಗನ್ನು ಅಂತ?" ದನಿ ತಗ್ಗಿಸಿ ಮಾತಾಡುತ್ತಿದ್ದರು. "ಇಷ್ಟು ವರ್ಷ ಹೊರಗೆ ನಿಂತು ಊದಿದ್ದು ಯಾತಕ್ಕೆ ಅನ್ಕೊಂಡಿದೀಯ? ನನ್ನ ಮಗಳನ್ನ ಇಂಥೋರ ಮನೆಯಾಗೆ ಕರೆದು ಎಲೆ ಹಾಕ್ಬೇಕು ಅಂತ. ಇವತ್ತು ಕರೆದ್ರು. ನೀ ತೊಟ್ಟಿ ತಾವ ಬಂದು ಕುಂತೆ. ನಾ ಊದಿದ್ದೆಲ್ಲ ಏನಾತು ಈಗ?"

"ನಿಮಗೂ ಹಾಕಲಿ ಎಲೆ."

"ನಂಗೆ ಹಾಕೋ ಕಾಲಕ್ಕೆ ನಾ ಇರಲ್ಲ. ನಿಂಗೆ ಹಾಕಿರೋದು ಆರ್ತಾ ಐತೆ. ಏಳು."

ಬಸಣ್ಣ ನೆಲ ನೋಡುತ್ತಿದ್ದರು. ಅಪ್ಪನ ಸಿಟ್ಟಿನ ಮುಂದೆ ನನ್ನ ಸಿಟ್ಟಿಗೆ ನಿಲ್ಲಲು ಆಗಲಿಲ್ಲ. ಎದ್ದೆ. ಕೋಟು ಬಿಚ್ಚಿಡಲು ಹೋದೆ. "ಹಾಕ್ಕೊಂಡೇ ಹೋಗು" ಅಂದರು. ಕೆಂಪು ಕೋಟಿನಲ್ಲೇ ಒಳಗೆ ಹೋಗಿ ಸೋದರಮಾವನ ಪಕ್ಕ ಕೂತೆ. ಜರ್ಮನ್ ಎಷ್ಟು ಕಲಿಯಬೇಕು, ಯಾವ ಪರೀಕ್ಷೆ, ಎಲ್ಲ ಹೇಳಿದೆ. ಪಾಪದ ಮನುಷ್ಯ, ನನಗೆ ಎರಡು ಸಲ ಹೋಳಿಗೆ ಹಾಕಿಸಿದರು. ಆ ಮನುಷ್ಯನನ್ನು ದ್ವೇಷಿಸಲು ಆಗಲಿಲ್ಲ ಎನ್ನುವುದಕ್ಕೂ ನನಗೆ ಸಿಟ್ಟಿದೆ.

ವಾಪಸು ಬರುವಾಗ ಟೆಂಪೋ ಸೊರಬ ದಾಟಿದ ಮೇಲೆ ಅಪ್ಪ ಬೇರೆಯೇ ವಿಷಯ ತೆಗೆದರು.

"ಉತ್ತರ ಕೊಡೋವಾಗ ಹಿಂದೆ ಬೀಳ್ತೀಯಲ್ಲ, ಯಾಕೆ?"

"ಅಲ್ಲಿ ಹಾಗೆ ಊದಿದರೆ ಚೆನ್ನ ಅಂತಾರಪ್ಪ."

"ಅಲ್ಲಿ ಕುಂತಿರ್ತಾರೆ. ಇಲ್ಲಿ ನಡೀತಿರ್ತಾರೆ. ನೀ ಹಿಂದೆ ಬಿದ್ರೆ ದಿಬ್ಬಣ ನಿಲ್ತದೆ."

"ಎರಡು ಸಲ ನಿಂತಿತ್ತು ತಂಗಿ" ಎಂದರು ಬಸಣ್ಣ. "ಮದುಮಗ ನನ್ನ ಬೆನ್ನಿಗೆ ಬಂದು ಡಿಕ್ಕಿ ಹೊಡ್ದ." ಟೆಂಪೋದಲ್ಲಿ ಎಲ್ಲರೂ ನಕ್ಕರು, ಅಪ್ಪ ಕೂಡ.

ಶಿರಾಳಕೊಪ್ಪದಲ್ಲಿ ಚಹಾಕ್ಕೆ ಇಳಿದಾಗ ಅಪ್ಪ ನನ್ನ ಕಡೆ ನೋಡದೆ ಹೇಳಿದರು. "ಬರೋ ವಾರ ಆನವಟ್ಟಿಲಿ ಒಂದೈತೆ. ಬರೋದಾದ್ರೆ ಬಾ. ಉಣ್ಣೋದು ಮಾತ್ರ ಒಳಗೆ. ಅದಕ್ಕೆ ಒಪ್ಪೋದಾದ್ರೆ ಬಾ."

ಒಪ್ಪಿದೆ. ಬೇಕಿದ್ದದ್ದು ಸಿಕ್ಕಿತ್ತು, ಹೀಗೆ ಸಿಗುತ್ತದೆ ಅಂದುಕೊಂಡಿರಲಿಲ್ಲ.

ಎರಡನೇ ಕ್ಲಾರಿನೆಟ್ಟಿನವರಿಗೆ ಜ್ವರ ಇನ್ನೂ ಬಿಟ್ಟಿರಲಿಲ್ಲ. ಆನವಟ್ಟಿಯಲ್ಲಿ ಹಿಂದೆ ಬೀಳದ ಹಾಗೆ ಊದಿದೆ. ಊಟದ ಹೊತ್ತಿಗೆ ಅಲ್ಲಿಯೂ ಯಾರೋ ಬಂದು ಕರೆದರು, ಜರ್ಮನಿಯವರು ಒಳಗೆ ಬನ್ನಿ ಅಂತ. ಅಪ್ಪನ ಕಡೆ ನೋಡಿದೆ. ಅವರು ಗದ್ದ ಎತ್ತಿ ಒಳಗೆ ತೋರಿಸಿದರು. ಆ ಮನೆಯವರಿಗೆ ಪಂಕ್ತಿ ನಡೆಯುವಾಗಲೂ ಹೊರಗೆ ಬ್ಯಾಂಡ್ ನಡೆಯುತ್ತಿರಬೇಕು. ಎಲೆಯ ಮುಂದೆ ಕೂತೆ. ಹೊರಗಿನಿಂದ ಅಪ್ಪ ಒಂದು ಸಾಲು ಊದಿ ಬಿಟ್ಟರು. ಆಮೇಲೆ ಬಸಣ್ಣನ ಡ್ರಮ್ ಒಂದೇ ಕೇಳಿಸಿತು. ಉತ್ತರ ಬರಬೇಕಾದ ಜಾಗ ಅದು, ಅಷ್ಟೂ ಹೊತ್ತು ಖಾಲಿ. ಅಪ್ಪ ಎರಡನೇ ಸಾಲು ಊದಿದರು. ಮತ್ತೆ ಖಾಲಿ. ಪಂಕ್ತಿ ತುಂಬ ಮಾತು, ನಗು, ನೀರು ಕೊಡ್ರೀ ಎನ್ನುವ ಕೂಗು. ಅಲ್ಲೊಂದು ಜಾಗ ಖಾಲಿ ಹೋಗುತ್ತಿದೆ ಎಂದು ಕೇಳಿಸುತ್ತಿದ್ದದ್ದು ನನಗೊಬ್ಬಳಿಗೆ. ನನ್ನ ಬೆರಳುಗಳು ಎಲೆಯ ಅಂಚಿನ ಮೇಲೆ ಆ ಸಾಲನ್ನು ಒತ್ತುತ್ತಿದ್ದವು.

ಬಡಿಸುವವನು ಬಂದು ನಿಂತ. "ಕೈ ತೆಗೀರಿ ಮೇಡಂ, ಅನ್ನ ಹಾಕ್ತೀನಿ."

ಕೈ ತೆಗೆದೆ.